ಅಲ್ಯೂಮಿನಿಯಂ ವೆಲ್ಡಿಂಗ್: ಬಿಸಿ ಎತ್ತ ಓಡುತ್ತದೆ, ಕಂಪ್ಯೂಟರ್ ಅದನ್ನು ಹೇಗೆ ಹಿಡಿಯುತ್ತದೆ

ಉಕ್ಕು ಕಾದರೆ ಕಣ್ಣಿಗೆ ಗೊತ್ತಾಗುತ್ತದೆ. ಮೊದಲು ಮಂದ ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕೈ ಪಳಗಿದ ವೆಲ್ಡರ್ ಬಣ್ಣ ನೋಡಿಯೇ ಎಷ್ಟು ಬಿಸಿಯಾಗಿದೆ ಅಂತ ಅಂದಾಜು ಮಾಡುತ್ತಾರೆ. ಅಲ್ಯೂಮಿನಿಯಂ ಹಾಗಲ್ಲ. 100 ಡಿಗ್ರಿಯಲ್ಲೂ ಬೆಳ್ಳಗೆ, 600 ಡಿಗ್ರಿ ಹತ್ತಿರ ಬಂದರೂ ಬೆಳ್ಳಗೆ. ಟಾರ್ಚ್ ಹಿಡಿದವರು ನೋಡುತ್ತಲೇ ಇರುತ್ತಾರೆ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಇನ್ನೊಂದು ಕ್ಷಣ ಅಂತ ಕಾಯುತ್ತಾರೆ, ಅಷ್ಟರಲ್ಲಿ ಪ್ಲೇಟಿನ ಒಂದು ಭಾಗ ಥಟ್ಟನೆ ಕುಸಿದು ತೂತಾಗಿಬಿಡುತ್ತದೆ. ಈ ಲೋಹ ಮುನ್ಸೂಚನೆ ಕೊಡುವುದಿಲ್ಲ.

ಹಾಗಾಗಿ ಅಲ್ಯೂಮಿನಿಯಂ ಒಳಗೆ ಬಿಸಿ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕಿ ನೋಡುವುದಕ್ಕೆ ಇಷ್ಟು ಬೆಲೆ. ಕಂಪ್ಯೂಟರ್ ಸಿಮ್ಯುಲೇಶನ್ ಅಂದ ತಕ್ಷಣ ಕೆಂಪು, ಹಳದಿ, ನೀಲಿ ಬಣ್ಣದ ಚಿತ್ರ ಕಣ್ಣ ಮುಂದೆ ಬರುತ್ತದೆ ಅಲ್ವಾ? ಆ ಚಿತ್ರ ಮಾಡುವುದು ಈಗ ಕಷ್ಟವೇನಲ್ಲ. ಆದರೆ ಅದು ನಿಜವಾಗಬೇಕಾದರೆ ಒಂದು ಮಾತು ಮೊದಲೇ ತಲೆಯಲ್ಲಿ ಇರಬೇಕು. ಉಕ್ಕಿನ ವೆಲ್ಡಿಂಗ್‌ನಲ್ಲಿ ಬಿಸಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸರಿಯಾಗಿ ಹಿಡಿದರೆ ಕೆಲಸ ಮುಕ್ಕಾಲು ಮುಗಿದ ಹಾಗೆ. ಅಲ್ಯೂಮಿನಿಯಂನಲ್ಲಿ ಬಿಸಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಅಷ್ಟೇ ಜೋಪಾನವಾಗಿ ಹಿಡಿಯಬೇಕು. ಈ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಇದೇ ವ್ಯತ್ಯಾಸವನ್ನು.

ಮೊದಲು ಲೋಹದ ಸ್ವಭಾವ ನೋಡೋಣ. ಬಿಸಿಯನ್ನು ಸಾಗಿಸುವ ಶಕ್ತಿಗೆ ಉಷ್ಣವಾಹಕತೆ ಅಂತ ಹೆಸರು. ಒಂದು ಮೀಟರಿಗೆ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಜಾಗದ ಮೂಲಕ ಎಷ್ಟು ವ್ಯಾಟ್ ಹರಿಯುತ್ತದೆ ಅನ್ನುವ ಅಳತೆ ಅದು. ಶುದ್ಧ ಅಲ್ಯೂಮಿನಿಯಂಗೆ ಸುಮಾರು 237. ಎಲ್ಲೆಲ್ಲೂ ಬಳಕೆಯಲ್ಲಿರುವ 6061-ಟಿ6 ಮಿಶ್ರಲೋಹಕ್ಕೆ (6061 ಅದರ ನಂಬರು, ಟಿ6 ಅದಕ್ಕೆ ಕಾಯಿಸಿ ತಣಿಸಿ ಕೊಟ್ಟ ಹದ) ಸುಮಾರು 167. ಸಾಮಾನ್ಯ ಉಕ್ಕಿಗೆ 50ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲಿಗೆ ಬರೀ 15-16.

ಆದರೆ ಈ ಸಂಖ್ಯೆ ಒಂದೇ ಸಾಲದು. ಬಿಸಿ ಹರಿದು ಬಂದರೂ ಆ ಜಾಗ ಕಾಯಲು ಎಷ್ಟು ಶಾಖ ನುಂಗುತ್ತದೆ ಅನ್ನುವುದೂ ಬೇಕು. ವಾಹಕತೆಯನ್ನು ಸಾಂದ್ರತೆಯಿಂದಲೂ ಶಾಖ ಹಿಡಿದಿಡುವ ಗುಣದಿಂದಲೂ ಭಾಗಿಸಿದರೆ ಬರುವುದು ಉಷ್ಣ ಪ್ರಸರಣೆ, ಅಂದರೆ ಬಿಸಿಯ ಸುದ್ದಿ ಲೋಹದೊಳಗೆ ಎಷ್ಟು ಬೇಗ ಹಬ್ಬುತ್ತದೆ ಅನ್ನುವುದು. 6061ಕ್ಕೆ ಇದು ಸೆಕೆಂಡಿಗೆ ಸುಮಾರು 69 ಚದರ ಮಿಲಿಮೀಟರ್. ಸಾಮಾನ್ಯ ಉಕ್ಕಿಗೆ 13. ಸ್ಟೇನ್‌ಲೆಸ್‌ಗೆ 4. ಈ 69 ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಉಕ್ಕು 1500ರ ಹತ್ತಿರ. ಹಾಗಾದರೆ ಅಲ್ಯೂಮಿನಿಯಂ ವೆಲ್ಡಿಂಗ್ ಸುಲಭ ಅಂತ ಅನ್ನಿಸಬಹುದು. ಅನುಭವ ಇರುವವರು ಯಾರೂ ಹಾಗೆ ಹೇಳುವುದಿಲ್ಲ. ಕೊಟ್ಟ ಬಿಸಿ ನಿಲ್ಲುವುದೇ ಇಲ್ಲ, ಪಕ್ಕಕ್ಕೆ ಓಡಿಹೋಗುತ್ತದೆ. ಜೊತೆಗೆ ಮೇಲ್ಮೈಯಲ್ಲಿ ಒಂದು ತೆಳು ಆಕ್ಸೈಡ್ ಪೊರೆ ಇರುತ್ತದೆ, ಅದು ಕರಗಲು 2000 ಡಿಗ್ರಿಗೂ ಜಾಸ್ತಿ ಬೇಕು. ಇನ್ನೊಂದು ವಿಷಯ ಕರಗುವ ಶಾಖದ್ದು. ಒಂದು ಕಿಲೋ ಅಲ್ಯೂಮಿನಿಯಂ ಅನ್ನು ಕೋಣೆಯ ಬಿಸಿಯಿಂದ 660 ಡಿಗ್ರಿಗೆ ಏರಿಸಲು ಸುಮಾರು 670 ಕಿಲೋಜೂಲ್ ಬೇಕು, ಅಲ್ಲಿಗೆ ತಲುಪಿದ ಮೇಲೆ ಒಂದು ಡಿಗ್ರಿಯೂ ಏರದೆ ಸುಮ್ನೆ ಗಟ್ಟಿಯಿಂದ ದ್ರವ ಆಗುವುದಕ್ಕೇ ಮತ್ತೆ ಸುಮಾರು 400 ಕಿಲೋಜೂಲ್ ಬೇಕು.

ಈಗ ಲೆಕ್ಕಕ್ಕೆ ಬರೋಣ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಇದಕ್ಕೆ ಸೂತ್ರ ಇತ್ತು. ಘನವಸ್ತುವಿನಲ್ಲಿ ಶಾಖ ಹರಿಯುವ ಗಣಿತವನ್ನು ಜೋಸೆಫ್ ಫೂರಿಯೇ 1822ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದನ್ನು ಓಡುವ ವೆಲ್ಡಿಂಗ್ ಟಾರ್ಚ್‌ಗೆ ಹೊಂದಿಸಿದವರು ಡೇನಿಯಲ್ ರೋಸೆಂಥಾಲ್. ಅವರ ಹೆಸರಾಂತ ಲೇಖನ 1941ರದ್ದು. ಅವರ ಉಪಾಯ ಚೆನ್ನಾಗಿದೆ. ಟಾರ್ಚ್ ಪ್ಲೇಟಿನ ಮೇಲೆ ಓಡುತ್ತಿದೆ ಅಂದುಕೊಳ್ಳುವ ಬದಲು, ನೀವು ಟಾರ್ಚ್ ಮೇಲೆ ಕೂತು ನೋಡುತ್ತಿದ್ದೀರಿ ಅಂದುಕೊಳ್ಳಿ. ಆಗ ಪ್ಲೇಟೇ ನಿಮ್ಮ ಕೆಳಗೆ ಹಿಂದಕ್ಕೆ ಹರಿಯುತ್ತದೆ, ಸುತ್ತಲಿನ ಬಿಸಿಯ ಆಕಾರ ಮಾತ್ರ ಕದಲದೆ ನಿಲ್ಲುತ್ತದೆ. ಕದಲದ ಆಕಾರಕ್ಕೆ ಸೂತ್ರ ಬರೆಯುವುದು ಸುಲಭ.

ಒಂದು ಉದಾಹರಣೆ ಹಿಡಿದು ನೋಡೋಣ. ಮಿಗ್ ವೆಲ್ಡಿಂಗ್ (ಟಾರ್ಚ್‌ನಿಂದ ಬರುವ ತಂತಿಯೇ ಕರಗಿ ವೆಲ್ಡ್‌ಗೆ ಸೇರುವ ಬಗೆ), 180 ಆಂಪಿಯರ್, 22 ವೋಲ್ಟ್. ಗುಣಿಸಿದರೆ 3960 ವ್ಯಾಟ್. ಇದರಲ್ಲಿ 80 ಪರ್ಸೆಂಟ್ ಲೋಹದ ಒಳಗೆ ಹೋಗುತ್ತದೆ ಅಂತ ಇಟ್ಟುಕೊಂಡರೆ 3168 ವ್ಯಾಟ್. ಟಾರ್ಚ್ ವೇಗ ಸೆಕೆಂಡಿಗೆ 10 ಮಿ.ಮೀ. ಪ್ಲೇಟು ತುಂಬಾ ದಪ್ಪ ಅಂತ ಅಂದುಕೊಂಡು ರೋಸೆಂಥಾಲ್ ಸೂತ್ರಕ್ಕೆ ಹಾಕಿದರೆ, ಟಾರ್ಚ್‌ನ ನೇರ ಹಿಂದೆ 10 ಮಿ.ಮೀ. ದೂರದಲ್ಲಿ ಅಲ್ಯೂಮಿನಿಯಂ ಕೋಣೆಯ ಬಿಸಿಗಿಂತ ಸುಮಾರು 300 ಡಿಗ್ರಿ ಜಾಸ್ತಿ ಇರುತ್ತದೆ. ಅದೇ ಜಾಗದಲ್ಲಿ ಉಕ್ಕು ಸುಮಾರು 1000 ಡಿಗ್ರಿ ಜಾಸ್ತಿ. ಸರಿ, ಅಲ್ಯೂಮಿನಿಯಂ ಬೇಗ ತಣ್ಣಗಾಗುತ್ತದೆ, ಅದರಲ್ಲಿ ಆಶ್ಚರ್ಯ ಇಲ್ಲ.

ಈಗ ಅದೇ ಕ್ಷಣ ಟಾರ್ಚ್‌ನ ಪಕ್ಕಕ್ಕೆ 10 ಮಿ.ಮೀ. ಸರಿದು ನೋಡಿ. ಉಕ್ಕಿಗೆ ಬಿಸಿ ಇನ್ನೂ ತಲುಪಿಯೇ ಇಲ್ಲ, ಬರೀ 21 ಡಿಗ್ರಿ ಏರಿದೆ, ಕೈ ಇಡಬಹುದಾದಷ್ಟು. ಅಲ್ಯೂಮಿನಿಯಂ ಅಷ್ಟರಲ್ಲಾಗಲೇ ಸುಮಾರು 146 ಡಿಗ್ರಿ ಏರಿಬಿಟ್ಟಿದೆ. ಉಕ್ಕಿಗೆ ಹೋಲಿಸಿದರೆ ನಡುವೆ ಕಡಿಮೆ ಬಿಸಿ, ಬದಿಗೆ ಜಾಸ್ತಿ ಬಿಸಿ. ಉಕ್ಕಿನಲ್ಲಿ ಟಾರ್ಚ್ ಹಿಂದೆ ಕಿರಿದಾದ ಬಾಲ ಇರುತ್ತದೆ, ಅಲ್ಯೂಮಿನಿಯಂನಲ್ಲಿ ಅಗಲವಾದ ಸೆರಗು ಇರುತ್ತದೆ ಅಂತ ಬೇಕಾದರೆ ಹೇಳಬಹುದು. ಮುಂದಕ್ಕೂ ಅಷ್ಟೇ. ಪ್ರಸರಣೆಯನ್ನು ವೇಗದಿಂದ ಭಾಗಿಸಿದರೆ ಟಾರ್ಚ್‌ಗಿಂತ ಮುಂದೆ ಬಿಸಿ ಎಷ್ಟು ದೂರ ಚಾಚಿದೆ ಅನ್ನುವ ಅಂದಾಜು ಸಿಗುತ್ತದೆ. ಸೆಕೆಂಡಿಗೆ 10 ಮಿ.ಮೀ. ವೇಗದಲ್ಲಿ ಅಲ್ಯೂಮಿನಿಯಂಗೆ ಸುಮಾರು 7 ಮಿ.ಮೀ., ಉಕ್ಕಿಗೆ 1.3. ಟಿಗ್‌ನಲ್ಲಿ (ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ವೆಲ್ಡಿಂಗ್) ಸೆಕೆಂಡಿಗೆ 3 ಮಿ.ಮೀ. ಹಾಗೆ ನಿಧಾನವಾಗಿ ಹೋದರೆ ಅಲ್ಯೂಮಿನಿಯಂನಲ್ಲಿ ಅದು 23 ಮಿ.ಮೀ. ಆಗುತ್ತದೆ. ಅಂದರೆ ನೀವು ಇನ್ನೂ ಮುಟ್ಟದ ಲೋಹವನ್ನು ನಿಮ್ಮದೇ ಬಿಸಿ ಮುಂಚೆಯೇ ಹೋಗಿ ಕಾಯಿಸಿಟ್ಟಿರುತ್ತದೆ.

ಈ ಸೂತ್ರಕ್ಕೆ ಮಿತಿಗಳಿವೆ. ಟಾರ್ಚ್ ಒಂದು ಚುಕ್ಕೆ ಅಂತ ಅದು ಹೇಳುತ್ತದೆ, ಹಾಗಾಗಿ ಆ ಚುಕ್ಕೆಯಲ್ಲಿ ಉಷ್ಣಾಂಶ ಅನಂತ ಆಗಿಬಿಡುತ್ತದೆ. ಕರಗುವ ಶಾಖ ಲೆಕ್ಕದಲ್ಲಿಲ್ಲ. ಬಿಸಿಯಾದಂತೆ ಲೋಹದ ಗುಣ ಬದಲಾಗುವುದೂ ಇಲ್ಲ. ಪ್ಲೇಟಿಗೆ ಅಂಚೇ ಇಲ್ಲ. ಆದರೂ ಯಾರೇ ಸಿಮ್ಯುಲೇಶನ್ ಶುರು ಮಾಡುವ ಮುಂಚೆ ಹತ್ತು ನಿಮಿಷ ಕೂತು ಈ ಕೈಲೆಕ್ಕ ಹಾಕಬೇಕು ಅಂತ ನನ್ನ ಅಭಿಪ್ರಾಯ. ಆಮೇಲೆ ಸಾಫ್ಟ್‌ವೇರ್ ಏನಾದರೂ ಎಡವಟ್ಟು ಉತ್ತರ ಕೊಟ್ಟರೆ ತಕ್ಷಣ ಗೊತ್ತಾಗುತ್ತದೆ.

ಈ ಮಿತಿಗಳನ್ನು ದಾಟುವುದಕ್ಕೆ ಕಂಪ್ಯೂಟರ್ ಬೇಕು. ಅದು ಮಾಡುವ ಕೆಲಸ ನಿಜಕ್ಕೂ ಜಮಾಖರ್ಚಿನ ಲೆಕ್ಕ. ಪ್ಲೇಟನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚುತ್ತದೆ, ಇದಕ್ಕೆ ಮೆಶ್ ಅಂತಾರೆ. ಪ್ರತಿ ತುಂಡಿಗೂ ಒಂದೇ ಪ್ರಶ್ನೆ: ಅಕ್ಕಪಕ್ಕದಿಂದ ಎಷ್ಟು ಶಾಖ ಬಂತು, ಎಷ್ಟು ಹೋಯಿತು, ಉಳಿದದ್ದೆಷ್ಟು? ಉಳಿದದ್ದು ಆ ತುಂಡಿನ ಉಷ್ಣಾಂಶವನ್ನು ಏರಿಸುತ್ತದೆ. ಒಂದು ಸಣ್ಣ ಹೊತ್ತು ಮುಂದೆ ಹೋಗಿ ಮತ್ತೆ ಅದೇ ಲೆಕ್ಕ.

ಒಂದೇ ಒಂದು ತುಂಡನ್ನು ಹತ್ತಿರದಿಂದ ನೋಡೋಣ. 1 ಮಿ.ಮೀ. ಉದ್ದ, ಅಗಲ, ಎತ್ತರದ 6061 ಘನ. ಅದರ ಎಡಗಡೆಯ ನೆರೆಯ ತುಂಡು 10 ಡಿಗ್ರಿ ಜಾಸ್ತಿ ಬಿಸಿ ಇದೆ. ಆ ಒಂದು ಮುಖದ ಮೂಲಕ ಹರಿಯುವ ಶಾಖ 1.67 ವ್ಯಾಟ್. ಈ ಪುಟ್ಟ ಘನವನ್ನು ಒಂದು ಡಿಗ್ರಿ ಏರಿಸಲು ಬೇಕಾದ್ದು ಬರೀ 0.0024 ಜೂಲ್. ಹಾಗಾಗಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅದು ಸುಮಾರು 0.7 ಡಿಗ್ರಿ ಏರುತ್ತದೆ. ಸಾವಿರದ ಒಂದು ಭಾಗದಲ್ಲಿ! ಅಷ್ಟು ಚುರುಕು ಈ ಲೋಹ.

ಈಗ ಆರೂ ಕಡೆಯ ನೆರೆಹೊರೆ 10 ಡಿಗ್ರಿ ಜಾಸ್ತಿ ಬಿಸಿ ಇದೆ ಅಂದುಕೊಳ್ಳಿ. ಬೇಗ ಮುಗಿಸೋಣ ಅಂತ ಹೇಳಿ ಒಂದೊಂದು ಹೆಜ್ಜೆಗೆ ಸೆಕೆಂಡಿನ ನೂರನೇ ಒಂದು ಭಾಗ ಇಟ್ಟರೆ ಏನಾಗುತ್ತದೆ? ಲೆಕ್ಕದ ಪ್ರಕಾರ ನಮ್ಮ ತುಂಡು 41 ಡಿಗ್ರಿ ಏರಿಬಿಡುತ್ತದೆ. ಸುತ್ತ ಇರುವವರೇ 10 ಡಿಗ್ರಿ ಜಾಸ್ತಿ ಇರುವಾಗ ನಡುವೆ ಇರುವುದು 41 ಡಿಗ್ರಿ ಏರಲು ಸಾಧ್ಯವೇ? ಮುಂದಿನ ಹೆಜ್ಜೆಯಲ್ಲಿ ಅದು ಅಷ್ಟೇ ಜೋರಾಗಿ ಕೆಳಗೆ ಬೀಳುತ್ತದೆ, ಆಮೇಲೆ ಇನ್ನೂ ಮೇಲೆ, ಹೀಗೇ ಹತ್ತಾರು ಹೆಜ್ಜೆಯಲ್ಲಿ ಸಂಖ್ಯೆಗಳು ಹುಚ್ಚೆದ್ದು ಕುಣಿಯುತ್ತವೆ. ಇದು ಆಗಬಾರದು ಅಂದರೆ 1 ಮಿ.ಮೀ. ತುಂಡಿಗೆ ಹೆಜ್ಜೆ ಹೆಚ್ಚೆಂದರೆ 0.0024 ಸೆಕೆಂಡ್ ಇರಬೇಕು. ಆ ಹೆಜ್ಜೆಯಲ್ಲಿ ತುಂಡು ಸರಿಯಾಗಿ 10 ಡಿಗ್ರಿ ಏರಿ ನೆರೆಯವರ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

300 ಮಿ.ಮೀ. ಉದ್ದ, 200 ಅಗಲ, 6 ದಪ್ಪದ ಪ್ಲೇಟಿಗೆ 1 ಮಿ.ಮೀ. ಮೆಶ್ ಹಾಕಿದರೆ 3,60,000 ತುಂಡು. ಟಾರ್ಚ್ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು 30 ಸೆಕೆಂಡ್, ಅಂದರೆ 12,500 ಹೆಜ್ಜೆ. ಒಟ್ಟು 450 ಕೋಟಿ ಸಲ ಅದೇ ಸಣ್ಣ ಲೆಕ್ಕ. ಇನ್ನೂ ನಯವಾಗಿ ಬೇಕು ಅಂತ ತುಂಡನ್ನು ಅರ್ಧ ಮಿ.ಮೀ. ಮಾಡಿದರೆ ತುಂಡುಗಳು ಎಂಟು ಪಟ್ಟು, ಹೆಜ್ಜೆಗಳು ನಾಲ್ಕು ಪಟ್ಟು, ಕೆಲಸ 32 ಪಟ್ಟು. ಅದಕ್ಕೇ ಬಹಳಷ್ಟು ಸಾಫ್ಟ್‌ವೇರ್‌ಗಳು ಬೇರೆ ದಾರಿ ಹಿಡಿಯುತ್ತವೆ. ಮುಂದಿನ ಕ್ಷಣದ ಎಲ್ಲಾ ಉಷ್ಣಾಂಶಗಳನ್ನೂ ಒಟ್ಟಿಗೇ ಒಂದು ದೊಡ್ಡ ಸಮೀಕರಣದ ಗುಂಪಾಗಿ ಬಿಡಿಸುತ್ತವೆ. ಆಗ ಹೆಜ್ಜೆ ದೊಡ್ಡದಿದ್ದರೂ ಸಂಖ್ಯೆಗಳು ಕುಣಿಯುವುದಿಲ್ಲ. ಆದರೆ ಕುಣಿಯದ ಮಾತ್ರಕ್ಕೆ ಉತ್ತರ ಸರಿ ಅಂತ ಅಲ್ಲ, ಇದನ್ನು ಹೊಸಬರು ಬಹಳ ಸಲ ಮರೆಯುತ್ತಾರೆ. ಒಂದೇ ಹೆಜ್ಜೆಯಲ್ಲಿ ಟಾರ್ಚ್ ನಾಲ್ಕೈದು ತುಂಡು ಹಾರಿ ಹೋದರೆ ನಡುವಿನ ತುಂಡುಗಳಿಗೆ ಬಿಸಿಯೇ ಸಿಗದೆ ವೆಲ್ಡ್ ಮಣಿ ಪೋಣಿಸಿದ ಹಾಗೆ ಕಾಣುತ್ತದೆ.

ಮೆಶ್ ಎಲ್ಲಾ ಕಡೆ ಒಂದೇ ಥರ ಇರಬೇಕಾಗಿಲ್ಲ. ವೆಲ್ಡ್ ಹತ್ತಿರ ಸಣ್ಣದು, ದೂರಕ್ಕೆ ಹೋದಂತೆ ದೊಡ್ಡದು. ಉಕ್ಕಿನಲ್ಲಿ ದೂರದ ಭಾಗವನ್ನು ಕತ್ತರಿಸಿ ಬಿಟ್ಟೇ ಬಿಡುವವರೂ ಇದ್ದಾರೆ, ಅಲ್ಲಿಗೆ ಬಿಸಿ ತಲುಪುವಷ್ಟರಲ್ಲಿ ವೆಲ್ಡ್ ಮುಗಿದಿರುತ್ತದೆ. ಅಲ್ಯೂಮಿನಿಯಂನಲ್ಲಿ ಹೀಗೆ ಮಾಡಿದರೆ ಕೆಟ್ಟಿತು. 50 ಮಿ.ಮೀ. ದೂರಕ್ಕೆ ಬಿಸಿಯ ಸುಳಿವು ಸಿಗಲು ಸುಮಾರು 9 ಸೆಕೆಂಡ್ ಸಾಕು. ಪೂರ್ತಿ ಪ್ಲೇಟನ್ನೂ ಲೆಕ್ಕಕ್ಕೆ ತಗೊಳ್ಳಲೇಬೇಕು.

ಇನ್ನು ಟಾರ್ಚ್‌ನ ಬಿಸಿಯನ್ನು ಒಳಗೆ ಹಾಕುವುದು ಹೇಗೆ? ಚುಕ್ಕೆ ಅಂತ ಹೇಳಿದರೆ ಅನಂತದ ಸಮಸ್ಯೆ. ಮೇಲ್ಮೈಯಲ್ಲಿ ಒಂದು ವೃತ್ತದೊಳಗೆ ಹರಡಿದರೆ ಆಳ ಸರಿಯಾಗಿ ಬರುವುದಿಲ್ಲ, ಯಾಕೆಂದರೆ ಆರ್ಕ್, ಅಂದರೆ ಟಾರ್ಚ್ ಮತ್ತು ಲೋಹದ ನಡುವೆ ಉರಿಯುವ ವಿದ್ಯುತ್ ಜ್ವಾಲೆ, ಲೋಹವನ್ನು ಒತ್ತಿ ಕೆಳಗೆ ಅಗೆಯುತ್ತದೆ. ಇದಕ್ಕೆ ಜಾನ್ ಗೋಲ್ಡಾಕ್ ಮತ್ತು ಜೊತೆಗಾರರು 1984ರಲ್ಲಿ ಕೊಟ್ಟ ಉಪಾಯ ಇವತ್ತಿಗೂ ಚಾಲ್ತಿಯಲ್ಲಿದೆ. ಒಂದು ಮೊಟ್ಟೆಯನ್ನು ಅಡ್ಡ ಮಲಗಿಸಿ ಅರ್ಧ ಪ್ಲೇಟಿನೊಳಗೆ ಹೂತಿಟ್ಟ ಹಾಗೆ ಕಲ್ಪಿಸಿಕೊಳ್ಳಿ. ಮುಂದಿನ ಭಾಗ ಮೊಂಡಾಗಿ ಗಿಡ್ಡ, ಹಿಂದಿನ ಭಾಗ ಉದ್ದ, ಏಕೆಂದರೆ ಕರಗಿದ ಲೋಹದ ಪೂಲ್ ಟಾರ್ಚ್‌ನ ಹಿಂದಕ್ಕೆ ಎಳೆದುಕೊಂಡಿರುತ್ತದೆ. ಶಾಖ ನಡುವೆ ಅತಿ ಜಾಸ್ತಿ, ಹೊರಕ್ಕೆ ಹೋದಂತೆ ಇಳಿಯುತ್ತಾ ಮೊಟ್ಟೆಯ ಚಿಪ್ಪಿನ ಜಾಗದಲ್ಲಿ ನಡುವಿನ 5 ಪರ್ಸೆಂಟ್ ಆಗುತ್ತದೆ. ಅಗಲ, ಆಳ, ಮುಂದಿನ ಉದ್ದ, ಹಿಂದಿನ ಉದ್ದ, ಇಷ್ಟು ಅಳತೆ ಕೊಟ್ಟರೆ ಆಯಿತು.

ಆ ಅಳತೆಗಳು ಎಲ್ಲಿಂದ ಬರುತ್ತವೆ? ನಿಜವಾದ ವೆಲ್ಡ್‌ನಿಂದಲೇ. ಒಂದು ತುಂಡು ವೆಲ್ಡ್ ಮಾಡಿ, ಅಡ್ಡಕ್ಕೆ ಕತ್ತರಿಸಿ, ನಯವಾಗಿ ಉಜ್ಜಿ, ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಕರಗಿ ಗಟ್ಟಿಯಾದ ಭಾಗದ ಗೆರೆ ಎದ್ದು ಕಾಣುತ್ತದೆ. ಆ ಆಕಾರವನ್ನು ಅಳೆದು ಮಾದರಿಗೆ ಕೊಡುತ್ತಾರೆ. ಅಂದರೆ ಇಲ್ಲಿ ಕಂಪ್ಯೂಟರ್ ಪೂಲ್ ಆಕಾರವನ್ನು ತಾನೇ ಕಂಡುಹಿಡಿಯುತ್ತಿಲ್ಲ, ನಾವು ಹೇಳಿಕೊಟ್ಟದ್ದನ್ನು ಬಳಸಿ ಸುತ್ತಲಿನ ಬಿಸಿಯನ್ನು ಲೆಕ್ಕ ಹಾಕುತ್ತಿದೆ. ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಪೂಲ್ ಒಳಗೆ ದ್ರವ ಹೇಗೆ ಸುತ್ತುತ್ತದೆ ಅನ್ನುವುದನ್ನೂ ಬಿಡಿಸುವ ಮಾದರಿಗಳಿವೆ, ಅವು ಬೇರೆಯೇ ಮಟ್ಟದ ಭಾರದ ಲೆಕ್ಕ.

ಲೇಸರ್‌ನಲ್ಲಿ ಆಳವಾದ ಕಿರಿದಾದ ರಂಧ್ರ ಆಗುವುದರಿಂದ ಮೊಟ್ಟೆಯ ಬದಲು ಶಂಕುವಿನ ಆಕಾರ ಬಳಸುತ್ತಾರೆ. 1991ರಲ್ಲಿ ಬಂದ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್‌ನಲ್ಲಿ ಆರ್ಕೇ ಇಲ್ಲ, ತಿರುಗುವ ಉಪಕರಣದ ಉಜ್ಜಾಟದಿಂದ ಬಿಸಿ ಹುಟ್ಟುತ್ತದೆ, ಲೋಹ ಕರಗುವುದೂ ಇಲ್ಲ. ಅಲ್ಲಿ ಉಪಕರಣದ ಅಡಿಭಾಗದ ವೃತ್ತವೇ ಶಾಖದ ಮೂಲ.

ಮಿಶ್ರಲೋಹ ಅನ್ನುವ ಪದಕ್ಕೆ ಇಲ್ಲಿ ತೂಕ ಇದೆ. ಶುದ್ಧ ಅಲ್ಯೂಮಿನಿಯಂ 660ಕ್ಕೆ ಒಮ್ಮೆಲೇ ಕರಗುತ್ತದೆ. 6061 ಹಾಗಲ್ಲ, 582 ಡಿಗ್ರಿಗೆ ಕರಗಲು ಶುರುವಾಗಿ 652ಕ್ಕೆ ಪೂರ್ತಿ ದ್ರವ ಆಗುತ್ತದೆ. 7075 ಅನ್ನುವ ಇನ್ನೊಂದು ಮಿಶ್ರಲೋಹದ್ದು ಇನ್ನೂ ಅಗಲ, 477ರಿಂದ 635ರವರೆಗೆ. ಈ ನಡುವಿನ ಹೊತ್ತಿನಲ್ಲಿ ಲೋಹ ಅರೆಗಟ್ಟಿ ಗಂಜಿಯಂತೆ ಇರುತ್ತದೆ, ತಣ್ಣಗಾಗುವಾಗ ಎಳೆದರೆ ಬಿರುಕು ಬಿಡುವುದು ಇಲ್ಲೇ. 6061ರ ಕರಗುವ ಶಾಖವನ್ನು ಅದರ ಈ 70 ಡಿಗ್ರಿ ಅಗಲಕ್ಕೆ ಹಂಚಿ ಮಾದರಿಗೆ ಕೊಡುತ್ತಾರೆ, ಅಂದರೆ ಆ ಭಾಗದಲ್ಲಿ ಲೋಹಕ್ಕೆ ಶಾಖದ ಹಸಿವು ಬಹಳ ಜಾಸ್ತಿ ಅಂತ ಹೇಳುತ್ತಾರೆ. ಇಲ್ಲಿ ಒಂದು ಮೋಸದ ಜಾಗ ಇದೆ. ಸಮಯದ ಹೆಜ್ಜೆ ದೊಡ್ಡದಾಗಿ ಒಂದು ತುಂಡು 570ರಿಂದ ನೇರ 660ಕ್ಕೆ ಜಿಗಿದರೆ ಅದು ಈ ಹಸಿವಿನ ಭಾಗವನ್ನು ಮುಟ್ಟದೇ ದಾಟಿತು, ಕಿಲೋಗೆ 400 ಕಿಲೋಜೂಲ್ ಹತ್ತಿರದ ಸಾಲ ತೀರಿಸದೇ ಹೋಯಿತು. ಚಿತ್ರದಲ್ಲಿ ಏನೂ ತಪ್ಪು ಕಾಣುವುದಿಲ್ಲ. ಪೂಲ್ ಮಾತ್ರ ನಿಜಕ್ಕಿಂತ ದೊಡ್ಡದು ಬಂದಿರುತ್ತದೆ. ಉಷ್ಣಾಂಶದ ಬದಲು ಒಟ್ಟು ಶಾಖದ ಲೆಕ್ಕವನ್ನೇ ಹಿಡಿದು ನಡೆಸುವ ವಿಧಾನ ಬಳಸಿದರೆ ಈ ಸಾಲ ತಪ್ಪಿಸಿಕೊಳ್ಳಲಾರದು, ನನಗೆ ಅದೇ ಇಷ್ಟ.

ಬಿಸಿಯ ಜೊತೆ ಬದಲಾಗುವ ಗುಣಗಳೂ ಇವೆ. ಅಲ್ಯೂಮಿನಿಯಂ ದ್ರವವಾದ ತಕ್ಷಣ ಅದರ ವಾಹಕತೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಆದರೆ ದ್ರವ ಸುಮ್ಮನೆ ನಿಂತಿರುವುದಿಲ್ಲ, ಜೋರಾಗಿ ಸುತ್ತುತ್ತಾ ಬಿಸಿಯನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ದ್ರವದ ಹರಿವನ್ನು ಬಿಡಿಸದ ಸರಳ ಮಾದರಿಗಳಲ್ಲಿ ಇದಕ್ಕೆ ಬದಲಾಗಿ ದ್ರವದ ವಾಹಕತೆಯನ್ನು ಬೇಕಂತಲೇ ಏರಿಸಿ ಕೊಡುತ್ತಾರೆ. ಒಂದೇ ಮಿಶ್ರಲೋಹದಲ್ಲೂ ಹದ ಬದಲಾದರೆ ಸಂಖ್ಯೆ ಬದಲಾಗುತ್ತದೆ: 6061 ಮೆತ್ತಗಿನ ಸ್ಥಿತಿಯಲ್ಲಿ 180, ಟಿ4 ಹದದಲ್ಲಿ 154, ಟಿ6ರಲ್ಲಿ 167.

ಈಗ ನನ್ನ ಮುಖ್ಯ ಮಾತಿಗೆ ಬಂದೆ. ಬಿಸಿ ಪ್ಲೇಟಿನಿಂದ ಹೊರಗೆ ಹೋಗುವುದು ಎಲ್ಲಿಂದ?

ಗಾಳಿಗೆ ಅಂತ ಹೆಚ್ಚಿನವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಅಲ್ಯೂಮಿನಿಯಂ ಹೊಳೆಯುವ ಲೋಹ, ಬಿಸಿಯನ್ನು ವಿಕಿರಣವಾಗಿ ಹೊರಸೂಸುವುದರಲ್ಲಿ ತುಂಬಾ ಜಿಪುಣ. ಸೂಸುವ ಶಕ್ತಿಯನ್ನು 0.1 ಅಂತ ಹಿಡಿದರೆ 600 ಡಿಗ್ರಿಯಲ್ಲೂ ಒಂದು ಚದರ ಸೆಂಟಿಮೀಟರಿಗೆ ಹೋಗುವುದು ಸುಮಾರು ಮೂರನೇ ಒಂದು ವ್ಯಾಟ್. ನಿಂತ ಗಾಳಿಗೆ ಹೋಗುವುದೂ ಅದೇ ಮಟ್ಟದ್ದು, 300 ಡಿಗ್ರಿ ಬಿಸಿ ಮೇಲ್ಮೈಯಿಂದ ಸುಮಾರು 0.3 ವ್ಯಾಟ್. ನಾವು ಒಳಗೆ ಹಾಕುತ್ತಿರುವುದು 3000 ವ್ಯಾಟಿಗೂ ಜಾಸ್ತಿ. ವೆಲ್ಡ್ ನಡೆಯುವ 30 ಸೆಕೆಂಡಿನಲ್ಲಿ ಗಾಳಿಯ ಪಾತ್ರ ತೀರಾ ಸಣ್ಣದು.

ಈಗ ಪ್ಲೇಟಿನ ಕೆಳಗೆ ಏನಿದೆ ನೋಡಿ. ಬ್ಯಾಕಿಂಗ್ ಬಾರ್, ಅಂದರೆ ವೆಲ್ಡ್‌ನ ಅಡಿಗೆ ಆಸರೆಯಾಗಿ ಇಟ್ಟ ಲೋಹದ ಪಟ್ಟಿ, ಇದೆ, ಮೇಲಿಂದ ಕ್ಲಾಂಪ್ ಒತ್ತಿ ಹಿಡಿದಿದೆ. ಲೋಹಕ್ಕೆ ಲೋಹ ಗಟ್ಟಿಯಾಗಿ ಒತ್ತಿದ ಜಾಗದಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 2000 ವ್ಯಾಟ್ ದಾಟುತ್ತದೆ ಅಂತ ಇಟ್ಟುಕೊಳ್ಳಿ, ಇದು ಅತಿಯಾದ ಸಂಖ್ಯೆ ಅಲ್ಲ. 300 ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಸೆಂಟಿಮೀಟರಿಗೆ 60 ವ್ಯಾಟ್. ಗಾಳಿಗೆ ಹೋಗುವುದರ 200 ಪಟ್ಟು! ಅದೇ ಕ್ಲಾಂಪ್ ಸ್ವಲ್ಪ ಸಡಿಲವಾಗಿ ನಡುವೆ ಕೂದಲೆಳೆಯಷ್ಟು ಗಾಳಿ ಸೇರಿದರೆ ಈ ಸಂಖ್ಯೆ ಧೊಪ್ಪನೆ ಬೀಳುತ್ತದೆ. ಬೋಲ್ಟ್ ಎಷ್ಟು ಬಿಗಿ ಮಾಡಿದ್ದೀರಿ ಅನ್ನುವುದು ಪೂಲ್ ಅಗಲವನ್ನು ಬದಲಿಸುತ್ತದೆ ಅಂದರೆ ನಂಬುವುದು ಕಷ್ಟ, ಆದರೆ ಅಲ್ಯೂಮಿನಿಯಂನಲ್ಲಿ ಅದೇ ಸತ್ಯ.

ಅದಕ್ಕೇ ಯಾರಾದರೂ ಅಲ್ಯೂಮಿನಿಯಂ ವೆಲ್ಡ್‌ನ ಸಿಮ್ಯುಲೇಶನ್ ಚಿತ್ರ ತೋರಿಸಿದರೆ ನಾನು ಮೊದಲು ಬಣ್ಣ ನೋಡುವುದಿಲ್ಲ. ಪ್ಲೇಟಿನ ಕೆಳಗೆ ಏನು ಅಂತ ಕೊಟ್ಟಿದ್ದೀರಿ ಅಂತ ಕೇಳುತ್ತೇನೆ. ಕೆಳಗೆ ಬಿಸಿಯೇ ದಾಟುವುದಿಲ್ಲ ಅಂತ ಕೊಟ್ಟಿದ್ದರೆ, ನಿಜದ ಕೆಲಸದಲ್ಲಿ ದಪ್ಪ ತಾಮ್ರದ ಪಟ್ಟಿ ಇದ್ದರೆ, ಆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಬೇರೆ ಯಾವುದೋ ವೆಲ್ಡ್‌ನ ಚಿತ್ರ. ಬ್ಯಾಕಿಂಗ್ ಬಾರನ್ನೂ ಕ್ಲಾಂಪನ್ನೂ ಮೆಶ್ ಒಳಗೆ ಸೇರಿಸಬೇಕು, ಯಾಕೆಂದರೆ ಅವೂ ಕಾಯುತ್ತವೆ, ಕಾದ ಮೇಲೆ ಮೊದಲಿನಷ್ಟು ಬಿಸಿ ಹೀರುವುದಿಲ್ಲ. ಬೆಳಗಿನ ಮೊದಲ ತುಂಡು ಮತ್ತು ಹತ್ತನೇ ತುಂಡು ಒಂದೇ ಸೆಟ್ಟಿಂಗ್‌ನಲ್ಲಿ ಬೇರೆ ಬೇರೆ ಬರುವುದಕ್ಕೆ ಇದೂ ಒಂದು ಕಾರಣ.

ಅಂಚಿನ ಕತೆಯೂ ಇದರ ಜೊತೆಗೇ ಬರುತ್ತದೆ. ಒಂದು ಪ್ಲೇಟಿನ ವೆಲ್ಡ್ ಅನ್ನು ಶುರುವಿನಿಂದ ಕೊನೆಯವರೆಗೆ ಸಿಮ್ಯುಲೇಶನ್‌ನಲ್ಲಿ ನಿಧಾನವಾಗಿ ಓಡಿಸಿ ನೋಡಿ. ಮೊದಲ ಕೆಲವು ಸೆಂಟಿಮೀಟರ್‌ನಲ್ಲಿ ಪ್ಲೇಟು ತಣ್ಣಗಿದೆ, ಕೊಟ್ಟದ್ದೆಲ್ಲಾ ಓಡಿಹೋಗುತ್ತದೆ, ಪೂಲ್ ಕಿರಿದು, ಕೆಳಗಿನವರೆಗೆ ಕರಗುವುದೇ ಇಲ್ಲ. ನಡುವೆ ಬಂದಾಗ ಒಂದು ಸಮಾಧಾನದ ಅಗಲ ಸಿಗುತ್ತದೆ. ಆಮೇಲೆ ಟಾರ್ಚ್ ಕೊನೆಯ ಅಂಚಿನ ಹತ್ತಿರ ಬರುತ್ತದೆ. ಮುಂದೆ ಓಡಿದ್ದ ಬಿಸಿ ಅಂಚಿಗೆ ತಲುಪಿ ನೋಡಿದರೆ ಆಚೆ ಗಾಳಿ. ಗಾಳಿಗೆ ಹೋಗಲಾರದ ಬಿಸಿಗೆ ಅದು ಗೋಡೆಯ ಹಾಗೆ, ಹಾಗಾಗಿ ಅಲ್ಲೇ ತುಂಬಿಕೊಳ್ಳುತ್ತದೆ. ಹಿಂದಿನಿಂದ ಟಾರ್ಚ್ ಬರುತ್ತಿದೆ, ಮುಂದಿನಿಂದ ಅಂಚು ತಡೆದಿದೆ, ನಡುವಿನ ಲೋಹ ಆಗಲೇ ಕಾದು ಕೂತಿದೆ. ಪೂಲ್ ಥಟ್ಟನೆ ಅಗಲವಾಗುತ್ತದೆ. ಮೊದಲು ಹೇಳಿದೆನಲ್ಲ, ಕುಸಿದು ತೂತಾಗುವುದು ಅಂತ, ಅದು ಬಹಳ ಸಲ ಇಲ್ಲೇ. ಅನುಭವಿ ವೆಲ್ಡರ್‌ಗಳು ಕೊನೆಗೆ ಬರುವಾಗ ಕರೆಂಟ್ ಇಳಿಸುವುದು ಅಥವಾ ವೇಗ ಏರಿಸುವುದು ಇದಕ್ಕೇ. ಸಿಮ್ಯುಲೇಶನ್ ಇಲ್ಲಿ ನಿಜವಾಗಿ ನೆರವಿಗೆ ಬರುತ್ತದೆ: ಪೂಲ್ ಅಗಲ ಒಂದೇ ಥರ ಇರಬೇಕು ಅಂತ ಷರತ್ತು ಹಾಕಿ, ಅದಕ್ಕೆ ಯಾವ ಜಾಗದಲ್ಲಿ ಎಷ್ಟು ಕರೆಂಟ್ ಬೇಕು ಅಂತ ಹಿಂದಿನಿಂದ ಲೆಕ್ಕ ಹಾಕಿಸಬಹುದು. ರೋಬೋಟ್ ಕೈಯಲ್ಲಿ ಟಾರ್ಚ್ ಇದ್ದರೆ ಆ ಪಟ್ಟಿಯನ್ನು ನೇರವಾಗಿ ಅದಕ್ಕೇ ಕೊಡಬಹುದು.

ಇಷ್ಟೆಲ್ಲಾ ಮಾಡಿ ಉಷ್ಣಾಂಶ ತಿಳಿದುಕೊಂಡು ಏನು ಮಾಡಬೇಕು? ಒಂದು ದೊಡ್ಡ ಉಪಯೋಗ ಇದೆ. 6061-ಟಿ6ಗೆ ಬಲ ಬರುವುದು ಒಳಗೆ ಹುಟ್ಟಿದ ಅತಿ ಸಣ್ಣ ಸೂಜಿಯಂಥ ಮೆಗ್ನೀಸಿಯಂ-ಸಿಲಿಕಾನ್ ಕಣಗಳಿಂದ. 530 ಡಿಗ್ರಿ ಸುಮಾರಿಗೆ ಕಾಯಿಸಿ, ತಟ್ಟನೆ ತಣಿಸಿ, ಆಮೇಲೆ 160-175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಆ ಸೂಜಿಗಳನ್ನು ಬೆಳೆಸಿರುತ್ತಾರೆ. ವೆಲ್ಡಿಂಗ್ ಬಿಸಿ ಪಕ್ಕಕ್ಕೆ ಓಡಿದಾಗ ಈ ಸೂಜಿಗಳು ಕೆಲವು ಕಡೆ ಕರಗಿಹೋಗುತ್ತವೆ, ಕೆಲವು ಕಡೆ ದಪ್ಪವಾಗಿ ಕೆಲಸಕ್ಕೆ ಬಾರದಂತಾಗುತ್ತವೆ. 310 ಮೆಗಾಪಾಸ್ಕಲ್ ತಡೆಯುತ್ತಿದ್ದ ಲೋಹ ಆ ಪಟ್ಟಿಯಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ ಮಾತ್ರ ತಡೆಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ವೆಲ್ಡ್ ಗಟ್ಟಿಯಾಗಿದ್ದರೂ ಅದರ ಪಕ್ಕದಲ್ಲಿ ಮುರಿಯುವುದು ಹೀಗೆ.

ಆ ಮೆತ್ತಗಾದ ಪಟ್ಟಿ ಎಷ್ಟು ಅಗಲ? ಹಳೆಯ ರೂಢಿ ವೆಲ್ಡ್‌ನ ಎರಡೂ ಪಕ್ಕ 25 ಮಿ.ಮೀ. ಅಂತ ಹಿಡಿಯುವುದು. ಆದರೆ ಬಿಸಿ ಎಷ್ಟು ಏರಿತು ಅನ್ನುವುದರ ಜೊತೆ ಎಷ್ಟು ಹೊತ್ತು ನಿಂತಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಮತ್ತು ಆ ಎರಡನ್ನೂ ಪ್ರತಿ ಬಿಂದುವಿಗೂ ಕೊಡುವುದು ಸಿಮ್ಯುಲೇಶನ್ ಮಾತ್ರ. 1991ರಲ್ಲೇ ಮಿಹ್ರ್ ಮತ್ತು ಗ್ರಾಂಗ್ ಎಂಬ ಸಂಶೋಧಕರು 6082-ಟಿ6ಗೆ ಉಷ್ಣಾಂಶದ ಇತಿಹಾಸದಿಂದ ಉಳಿದ ಗಡಸುತನ ಲೆಕ್ಕ ಹಾಕುವ ಮಾದರಿ ಕೊಟ್ಟಿದ್ದರು. ಪ್ಲೇಟು ಸೊಟ್ಟಗಾಗುವುದನ್ನೂ ಇದೇ ಉಷ್ಣಾಂಶದಿಂದ ಮುಂದುವರಿಸಿ ಲೆಕ್ಕ ಹಾಕುತ್ತಾರೆ. ಉಕ್ಕಿಗಿಂತ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಅದು ದೊಡ್ಡ ತಲೆನೋವೇ, ಆದರೆ ಅದಕ್ಕೆ ಇನ್ನೊಂದು ಬರಹವೇ ಬೇಕು.

ಕೊನೆಯದಾಗಿ, ಲೆಕ್ಕ ಸರಿಯೋ ಇಲ್ಲವೋ ಅಂತ ನೋಡುವುದು. ಥರ್ಮಲ್ ಕ್ಯಾಮೆರಾ ಹಿಡಿದರೆ ಆಯಿತಲ್ಲ ಅಂತ ಅನ್ನಿಸುತ್ತದೆ. ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಸೂಸುವುದಕ್ಕಿಂತ ಸುತ್ತಲಿನದನ್ನು ಪ್ರತಿಫಲಿಸುವುದೇ ಜಾಸ್ತಿ, ಹಾಗಾಗಿ ಕ್ಯಾಮೆರಾ ಆರ್ಕ್‌ನ ಬಿಂಬವನ್ನೂ ನಿಮ್ಮ ಮುಖದ ಬಿಸಿಯನ್ನೂ ತೋರಿಸುತ್ತದೆ. ಕಪ್ಪು ಬಣ್ಣ ಬಳಿದು ಒಂದಷ್ಟು ಸರಿಮಾಡಬಹುದು. ನನಗೆ ನಂಬಿಕೆ ಇರುವುದು ಪ್ಲೇಟಿಗೆ ಅಂಟಿಸಿದ ತೆಳು ಥರ್ಮೋಕಪಲ್ ತಂತಿಗಳ (ಮುಟ್ಟಿದ ಜಾಗದ ಉಷ್ಣಾಂಶ ಅಳೆಯುವ ತಂತಿ) ಮೇಲೆ.

ಆದರೆ ಒಂದೇ ಥರ್ಮೋಕಪಲ್ ಸಾಲದು. ಆರ್ಕ್‌ನಿಂದ ಎಷ್ಟು ಪರ್ಸೆಂಟ್ ಒಳಗೆ ಬರುತ್ತದೆ ಅನ್ನುವುದು ಒಂದು ಅಂದಾಜು, ಕ್ಲಾಂಪ್‌ಗೆ ಎಷ್ಟು ಹೋಗುತ್ತದೆ ಅನ್ನುವುದು ಇನ್ನೊಂದು ಅಂದಾಜು. 80ರ ಬದಲು 70 ಪರ್ಸೆಂಟ್ ಅಂತ ಹಾಕಿದರೆ ನಮ್ಮ ಉದಾಹರಣೆಯಲ್ಲಿ ಸುಮಾರು 400 ವ್ಯಾಟ್ ಕಡಿಮೆಯಾಗುತ್ತದೆ, ಕ್ಲಾಂಪ್‌ಗೆ ಹೋಗುವುದನ್ನೂ ಕಡಿಮೆ ಮಾಡಿ ಅದನ್ನು ಸರಿದೂಗಿಸಿಬಿಡಬಹುದು. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿ ಗ್ರಾಫ್ ಚೆನ್ನಾಗಿ ಹೊಂದಿಕೆಯಾಗುತ್ತದೆ, ಮುಂದಿನ ಕೆಲಸಕ್ಕೆ ಬಳಸಿದಾಗ ಕೈಕೊಡುತ್ತದೆ. ಅದಕ್ಕೆ ಕನಿಷ್ಠ ಎರಡು ಇಡಿ, ಒಂದು ವೆಲ್ಡ್‌ನಿಂದ 10 ಮಿ.ಮೀ. ದೂರದಲ್ಲಿ, ಇನ್ನೊಂದು 40 ಮಿ.ಮೀ. ದೂರದಲ್ಲಿ, ಕ್ಲಾಂಪ್‌ನ ಹತ್ತಿರ. ಟಾರ್ಚ್ ಹಾದುಹೋಗುವಾಗ ಹತ್ತಿರದ ತಂತಿಯ ಗೆರೆ ಚೂಪಾಗಿ ಏರುತ್ತದೆ. ಆ ಏರಿಕೆಯ ಎತ್ತರ ಹೆಚ್ಚಾಗಿ ಒಳಗೆ ಬಂದ ಶಾಖದ ಮಾತು ಹೇಳುತ್ತದೆ, ಯಾಕೆಂದರೆ ಅಷ್ಟರಲ್ಲಿ ಕ್ಲಾಂಪ್‌ಗೆ ಬಿಸಿ ತಲುಪಿರುವುದೇ ಕಡಿಮೆ. ಆಮೇಲೆ ಒಂದೆರಡು ನಿಮಿಷ ಎರಡೂ ಗೆರೆಗಳು ಒಂದಕ್ಕೊಂದು ಹತ್ತಿರ ಬಂದು ಜೊತೆಯಾಗಿ ನಿಧಾನಕ್ಕೆ ಇಳಿಯುತ್ತವೆ, ಆ ಇಳಿಜಾರು ಕ್ಲಾಂಪ್ ಮತ್ತು ಬ್ಯಾಕಿಂಗ್ ಬಾರ್‌ಗೆ ಹೋದ ಶಾಖದ ಮಾತು ಹೇಳುತ್ತದೆ. ಮೊದಲು ಚೂಪನ್ನು ಹೊಂದಿಸಿ, ಆಮೇಲೆ ಇಳಿಜಾರನ್ನು ಹೊಂದಿಸಿ, ಆಮೇಲೆ ಯಾವುದನ್ನೂ ಮುಟ್ಟದೆ ಬೇರೆ ವೇಗದಲ್ಲಿ ಇನ್ನೊಂದು ತುಂಡು ವೆಲ್ಡ್ ಮಾಡಿ, ಅಡ್ಡಕ್ಕೆ ಕತ್ತರಿಸಿ, ಅದರ ಪೂಲ್ ಗೆರೆಯನ್ನು ಕಂಪ್ಯೂಟರ್ ಹೇಳಿದ 582 ಡಿಗ್ರಿ ಗೆರೆಯ ಪಕ್ಕ ಇಟ್ಟು ನೋಡಿ.